ನೆಲಕ್ಕೂ ಉಸಿರು ಬೇಕು: ಗಟ್ಟಿಯಾದ ಹೊಲವನ್ನು ಸಹಜವಾಗಿ ಸಡಿಲಿಸುವ ಪಾಠ



ಊರಿಂದ ನೆಂಟರು ಬಂದರೆ ನಾವೆಲ್ಲ ಒಮ್ಮೆಯಾದರೂ ಅವರನ್ನು ಟಿ.ಬಿ. ಡ್ಯಾಂ ಕೆಳಗಿನ ಉದ್ಯಾನಕ್ಕೆ ಕರೆದುಕೊಂಡು ಹೋಗಿರುತ್ತೇವೆ. ಇನ್ನೊಮ್ಮೆ ಹೋದಾಗ ಹೂವು, ಕಾರಂಜಿ ನೋಡಿದ ಮೇಲೆ ಕಾಲ ಕೆಳಗಿನ ಹುಲ್ಲನ್ನೂ ಸ್ವಲ್ಪ ನೋಡಿ. ಯಾವ ಉದ್ಯಾನದಲ್ಲೇ ಆಗಲಿ, ಜನ ಅಡ್ಡದಾರಿ ಹಿಡಿದು ದಿನಾ ತುಳಿಯುವ ಕಡೆ ನೆಲ ಬೋಳಾಗಿರುತ್ತದೆ. ಅಲ್ಲಿಗೂ ಅದೇ ನೀರು, ಅದೇ ಗೊಬ್ಬರ, ಅದೇ ಬಿಸಿಲು. ಎರಡು ಹೆಜ್ಜೆ ಆಚೆ ಹುಲ್ಲು ಹಸಿರಾಗಿದೆ, ಇಲ್ಲಿ ಮಾತ್ರ ಇಲ್ಲ. ಯಾಕೆ?

ತುಳಿದು ತುಳಿದು ಮಣ್ಣಿನ ಒಳಗಿನ ಗಾಳಿಯ ಜಾಗ ಮುಚ್ಚಿಹೋಗಿದೆ. ಬೇರಿಗೆ ಉಸಿರಾಡಲು ಜಾಗವಿಲ್ಲ, ನೀರಿಗೆ ಇಳಿಯಲು ದಾರಿಯಿಲ್ಲ. ಅಷ್ಟೇ ಕಾರಣ.

ಇದನ್ನೇ ನಾವು ನಮ್ಮ ಹೊಲಗಳಲ್ಲಿ ದೊಡ್ಡದಾಗಿ ಮಾಡುತ್ತಿದ್ದೇವೆ. ಉದ್ಯಾನದಲ್ಲಿ ತುಳಿಯುವುದು ಮನುಷ್ಯನ ಕಾಲು, ಹೊಲದಲ್ಲಿ ತುಳಿಯುವುದು ಟ್ರ್ಯಾಕ್ಟರಿನ ಕಬ್ಬಿಣದ ಗಾಲಿ ಮತ್ತು ಹಲವು ಟನ್ ತೂಕದ ಕೊಯ್ಲು ಯಂತ್ರ. ಈ ಗಟ್ಟಿಯಾದ ನೆಲವನ್ನು ಸಡಿಲಿಸುವ ಔಷಧಿ ನಮ್ಮ ಹೊಲದಲ್ಲೇ ಬಿದ್ದಿದೆ. ಅದಕ್ಕೆ ನಾವು ಪ್ರತಿ ವರ್ಷ ಬೆಂಕಿ ಹಚ್ಚುತ್ತಿದ್ದೇವೆ. ಈ ಪಾಠದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ.

1. ಮಣ್ಣು ಗಟ್ಟಿಯಾಗುವುದು ಎಂದರೇನು?

ಒಳ್ಳೆಯ ಮಣ್ಣಿನ ಹಿಡಿಯೊಂದರಲ್ಲಿ ಸುಮಾರು ಅರ್ಧ ಭಾಗ ಮಾತ್ರ ಮಣ್ಣಿನ ಕಣಗಳು ಇರುತ್ತವೆ. ಉಳಿದ ಅರ್ಧ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಒಂದು ಪಾಲು ನೀರು, ಒಂದು ಪಾಲು ಗಾಳಿ. ಬೇರು, ಎರೆಹುಳು, ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳು ಬದುಕುವುದು ಈ ಜಾಗದಲ್ಲಿಯೇ.

ಭಾರ ಬಿದ್ದಾಗ ಮೊದಲು ಮುಚ್ಚುವುದು ದೊಡ್ಡ ರಂಧ್ರಗಳು. ಗಾಳಿ ಓಡಾಡುವುದೂ ಮಳೆನೀರು ಬೇಗ ಇಳಿಯುವುದೂ ಅವುಗಳ ಮೂಲಕವೇ. ಅವು ಮುಚ್ಚಿದರೆ ನೀರು ಮೇಲೆ ನಿಲ್ಲುತ್ತದೆ, ಇಲ್ಲವೇ ಬದು ದಾಟಿ ಹರಿದು ಹೋಗುತ್ತದೆ. ಬೇರು ಕೆಳಗೆ ಇಳಿಯಲಾಗದೆ ಅಡ್ಡಕ್ಕೆ ತಿರುಗುತ್ತದೆ. ಹಾಕಿದ ಗೊಬ್ಬರ ಕೆಳಗಿದ್ದರೂ ಬೇರಿಗೆ ಸಿಗುವುದಿಲ್ಲ. ನಮ್ಮ ಎರೆ ಹೊಲದ ಜಿಗುಟು ಮಣ್ಣಿನಲ್ಲಿ ಒಂದು ಘನ ಸೆಂಟಿಮೀಟರ್ ಒಣ ಮಣ್ಣು ಸುಮಾರು ಒಂದೂವರೆ ಗ್ರಾಂ ತೂಗುವಷ್ಟು ಒತ್ತಿಕೊಂಡರೆ ಹೆಚ್ಚಿನ ಬೆಳೆಗಳ ಬೇರು ಅಲ್ಲಿಗೇ ಸೋಲುತ್ತದೆ.

ಒಂದು ಮಾತು ನೆನಪಿಡಿ. ಒಣ ಮಣ್ಣು ಭಾರ ತಡೆಯುತ್ತದೆ, ಹಸಿ ಮಣ್ಣು ತಡೆಯುವುದಿಲ್ಲ. ಹಸಿ ಹೊಲದಲ್ಲಿ ಯಂತ್ರ ಮೊದಲ ಸಲ ಓಡಾಡಿದಾಗಲೇ ಆಗಬೇಕಾದ ಹಾನಿಯ ಬಹುಪಾಲು ಆಗಿಬಿಡುತ್ತದೆ.

2. ನಮ್ಮ ಹೊಲಗಳು ಹೀಗೇಕಾದವು?

1953ರಲ್ಲಿ ತುಂಗಭದ್ರೆಯ ನೀರು ಹೊಸ ಕಾಲುವೆಗಳಿಗೆ ಇಳಿಯಿತು. ಹೊಸಪೇಟೆ, ಕಂಪ್ಲಿ ಕಡೆ ರಾಯ ಕಾಲುವೆ, ಬಸವಣ್ಣ ಕಾಲುವೆಯಂಥ ವಿಜಯನಗರ ಕಾಲದ ಕಾಲುವೆಗಳು ಮೊದಲೇ ಇದ್ದವು. ಅಲ್ಲಿ ಭತ್ತ, ಕಬ್ಬು, ಬಾಳೆ ಹಳೆಯ ಬೆಳೆಗಳು. ಆದರೆ ಹೊಸ ಅಚ್ಚುಕಟ್ಟಿನ ಬಹುಭಾಗಕ್ಕೆ ಯೋಜನೆಯಲ್ಲಿ ಹೇಳಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನು. ನೀರು ಕಣ್ಣೆದುರು ಹರಿಯುತ್ತಿದ್ದಾಗ ನಾವು ಭತ್ತಕ್ಕೆ ತಿರುಗಿದೆವು. ವರ್ಷಕ್ಕೆ ಎರಡು ಸಲ ಭತ್ತ ಬೆಳೆದೆವು. ಮನೆಗೆ ಅನ್ನ ಬಂತು, ಕೈಗೆ ಹಣ ಬಂತು. ಇದನ್ನು ತಪ್ಪು ಎಂದು ಹೇಳಲು ನಾವು ಬಂದಿಲ್ಲ. ಅದರ ಜೊತೆಗೆ ನೆಲದಲ್ಲಿ ಏನಾಯಿತು ಎಂಬುದನ್ನು ಮಾತ್ರ ನೋಡೋಣ.

ಭತ್ತದ ನಾಟಿಗೆ ಹೊಲದಲ್ಲಿ ನೀರು ನಿಲ್ಲಿಸಿ, ಕಬ್ಬಿಣದ ಗಾಲಿ ಹಾಕಿದ ಟ್ರ್ಯಾಕ್ಟರಿನಿಂದ ಮಣ್ಣನ್ನು ಗಂಜಿಯ ಹಾಗೆ ಕಲಸುತ್ತೇವೆ. ಮಣ್ಣಿನ ಹೆಂಟೆಗಳೆಲ್ಲ ಒಡೆದು ಸಣ್ಣ ಕಣಗಳಾಗಿ ಕೆಳಗೆ ಕೂರುತ್ತವೆ. ಮೇಲಿನಿಂದ ಗಾಲಿಯ ಭಾರ. ವರ್ಷಗಟ್ಟಲೆ ಹೀಗೇ ನಡೆದರೆ ಆರರಿಂದ ಹತ್ತು ಇಂಚು ಆಳದಲ್ಲಿ ಒಂದು ಗಡುಸು ಪದರ ಕಟ್ಟಿಕೊಳ್ಳುತ್ತದೆ.

ಭತ್ತಕ್ಕೆ ಈ ಪದರದಿಂದ ಸ್ವಲ್ಪ ಅನುಕೂಲವೂ ಇದೆ. ನಿಂತ ನೀರು ಬೇಗ ಇಂಗುವುದಿಲ್ಲ. ಆದ್ದರಿಂದಲೇ ಎಷ್ಟೋ ವರ್ಷ ಅದು ರೋಗವೆಂದು ನಮಗೆ ಅನಿಸಲೇ ಇಲ್ಲ. ಭತ್ತ ಬಿಟ್ಟು ಬೇರೇನಾದರೂ ಬಿತ್ತಿದ ದಿನ ಅದರ ಗುಣ ಗೊತ್ತಾಗುತ್ತದೆ. ಕಡಲೆ, ಹೆಸರು, ಜೋಳ, ಸೂರ್ಯಕಾಂತಿ ಯಾವುದಾದರೂ ಸರಿ, ಬೇರು ಆ ಪದರಕ್ಕೆ ಬಂದು ನಿಲ್ಲುತ್ತದೆ. ಕೆಳಗೆ ತೇವ ಇರುತ್ತದೆ, ಮೇಲೆ ಗಿಡ ಬಾಡುತ್ತದೆ.

ಇನ್ನೊಂದು ಕೇಡು ಸವಳು-ಜವಳು. ನೀರು ಸರಿಯಾಗಿ ಕೆಳಗೆ ಇಳಿದು ಬಸಿಯದಿದ್ದರೆ ಉಪ್ಪು ಬೇರಿನ ಸುತ್ತಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಬೆಳ್ಳಗೆ ಮೇಲೆ ಬರುತ್ತದೆ. ಕಾಲುವೆಯ ಕೆಳಭಾಗದ ತಗ್ಗಿನ ಹೊಲಗಳವರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

3. ಈಗಲೇ ಯಾಕೆ ಅವಸರ?

ಡ್ಯಾಂ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಅದು ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. 2023ರ ಬರಗಾಲದಲ್ಲಿ ಜಲಾಶಯ ತುಂಬಲಿಲ್ಲ. 2024ರಲ್ಲಿ ತುಂಬಿತು ಎಂದು ಎಲ್ಲರೂ ಸಂತೋಷದಲ್ಲಿದ್ದಾಗ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋಯಿತು. ಆ ರಾತ್ರಿ ನದಿ ದಡದ ಊರುಗಳಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ತಾತ್ಕಾಲಿಕ ಗೇಟು ಕೂರಿಸುವವರೆಗೆ ನಮ್ಮ ಬೆಳೆಯ ನೀರು ಹೊಳೆಗೆ ಹರಿಯುವುದನ್ನು ನೋಡುತ್ತಾ ನಿಲ್ಲಬೇಕಾಯಿತು. 2025ರಲ್ಲಿ ಗೇಟುಗಳ ಸುರಕ್ಷತೆಗಾಗಿ ಸಂಗ್ರಹವನ್ನು ಸುಮಾರು 80 ಟಿ.ಎಂ.ಸಿ.ಗೆ ಮಿತಿಗೊಳಿಸಿದರು.

ಇದರಿಂದ ನಾವು ಕಲಿಯಬೇಕಾದದ್ದೇನು? ಎರಡನೇ ಬೆಳೆಗೆ ಕಾಲುವೆ ನೀರು ಪ್ರತಿ ವರ್ಷ ಬಂದೇ ಬರುತ್ತದೆ ಎಂದು ನಂಬಿ ಕೂರುವಂತಿಲ್ಲ. ನೀರು ಬರದ ವರ್ಷ ಭತ್ತದ ಕೊಯ್ಲಾದ ಮೇಲೆ ಹೊಲದ ತೇವದಲ್ಲೇ ಒಂದು ಕಾಳಿನ ಬೆಳೆ ತೆಗೆಯಬೇಕು. ಅದಕ್ಕೆ ಬೇರು ಕೆಳಗೆ ಇಳಿಯಬೇಕು. ನೆಲ ತೆರೆದಿರಬೇಕು. ನೆಲ ಗಟ್ಟಿಯಾಗಿಯೇ ಉಳಿದರೆ ಕಾಲುವೆಗೆ ನೀರು ಬರದ ವರ್ಷ ಮನೆಗೆ ಕಾಳೂ ಬರುವುದಿಲ್ಲ.

4. ನಿಮ್ಮ ಹೊಲವನ್ನು ನೀವೇ ಪರೀಕ್ಷೆ ಮಾಡಿ

ಇದಕ್ಕೆ ಹಣ ಬೇಡ. ಒಂದು ಸಲಿಕೆ, ಒಂದು ಹಾರೆ, ಒಂದು ಹಳೇ ಡಬ್ಬಿ, ಒಂದು ಗಾಜಿನ ಲೋಟ ಇದ್ದರೆ ಸಾಕು.

*ಹಾರೆ ಪರೀಕ್ಷೆ:* ಮಳೆಯಾದ ಅಥವಾ ನೀರು ಹಾಯಿಸಿದ ಎರಡು-ಮೂರು ದಿನದ ಮೇಲೆ ಬೆರಳು ದಪ್ಪದ ಕಬ್ಬಿಣದ ಕಡ್ಡಿಯನ್ನು ಒಂದೇ ಸಮನೆ ಒತ್ತುತ್ತಾ ನೆಲಕ್ಕೆ ಇಳಿಸಿ. ಮೊದಲು ಸಲೀಸಾಗಿ ಹೋಗಿ, ಎಲ್ಲಿ ತಡೆದು ನಿಲ್ಲುತ್ತದೋ ಅಲ್ಲಿ ಗಡುಸು ಪದರ ಇದೆ. ಕಡ್ಡಿಗೆ ಗುರುತು ಹಾಕಿ ಅಳೆಯಿರಿ. ಹೊಲದ ಐದಾರು ಕಡೆ ಮಾಡಿ.

*ಗುಂಡಿ ಪರೀಕ್ಷೆ:* ಒಂದೂವರೆ ಅಡಿ ಆಳದ ಗುಂಡಿ ತೋಡಿ ಅದರ ಗೋಡೆ ನೋಡಿ. ಬೇರು ನೆಟ್ಟಗೆ ಇಳಿದಿದೆಯೋ, ಅರ್ಧದಲ್ಲಿ ಅಡ್ಡ ತಿರುಗಿದೆಯೋ? ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಮಣ್ಣಿನಲ್ಲಿ ಹತ್ತು ಎರೆಹುಳು ಸಿಕ್ಕರೆ ಒಳ್ಳೆಯ ಲಕ್ಷಣ. ಒಂದೂ ಸಿಗದಿದ್ದರೆ ಯೋಚಿಸಬೇಕಾದ ವಿಷಯ.

*ನೀರಿನ ಪರೀಕ್ಷೆ:* ಆರು ಇಂಚು ಅಗಲದ ಡಬ್ಬಿಯ ತಳ ಕತ್ತರಿಸಿ, ಬಿರುಕು ಇಲ್ಲದ ಕಡೆ ಮೂರು ಇಂಚು ನೆಲಕ್ಕೆ ಇಳಿಸಿ. ಅದರೊಳಗೆ ಸುಮಾರು 450 ಮಿಲಿ ನೀರು ಹಾಕಿ. ಅದು ಒಂದು ಇಂಚು ಮಳೆಗೆ ಸಮ. ಅದು ಇಂಗಿದ ಮೇಲೆ ಮತ್ತೆ ಅಷ್ಟೇ ಹಾಕಿ ಗಡಿಯಾರ ನೋಡಿ. ಎರಡನೇ ಸಲದ ಹೊತ್ತೇ ಸರಿಯಾದ ಲೆಕ್ಕ. ಬದುವಿನ ಮೇಲೆ, ಮರದ ಬುಡದಲ್ಲಿ, ಹೊಲದ ನಡುವೆ ಮೂರೂ ಕಡೆ ಮಾಡಿ ಹೋಲಿಸಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ.

*ಲೋಟದ ಪರೀಕ್ಷೆ:* ಒಣಗಿದ ಮಣ್ಣಿನ ಸಣ್ಣ ಹೆಂಟೆಯನ್ನು ಮಳೆನೀರು ಅಥವಾ ಶುದ್ಧ ನೀರು ಇರುವ ಗಾಜಿನ ಲೋಟಕ್ಕೆ ಮೆಲ್ಲಗೆ ಬಿಡಿ. ಅಲುಗಾಡಿಸಬೇಡಿ. ಹೆಂಟೆ ಹಾಗೇ ನಿಂತರೆ ಮಣ್ಣಿಗೆ ಒಳ್ಳೆಯ ಕಟ್ಟು ಇದೆ. ಕುಸಿದು ಪುಡಿಯಾದರೆ ಸಾವಯವ ಅಂಶ ಕಡಿಮೆ. ಸುತ್ತಲಿನ ನೀರು ಹಾಲಿನಂತೆ ಕದಡಿ ಹಾಗೇ ನಿಂತರೆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿರಬಹುದು. ಅಂಥ ಹೊಲಕ್ಕೆ ಮಣ್ಣು ಪರೀಕ್ಷೆ ಕಡ್ಡಾಯ.

ಕಂಪ್ಲಿ ಆಚೆಯ ಒಂದು ಹಳ್ಳಿಯಲ್ಲಿ ನಾವು ಸಂಘದವರ ಜೊತೆ ಹೀಗೇ ಗುಂಡಿ ತೋಡಿದೆವು. ಎಂಟು ಇಂಚಿಗೆ ಸಲಿಕೆ ಟಣ್ ಅಂತ ನಿಂತಿತು. ಹೊಲದ ಯಜಮಾನ ಕಲ್ಲು ಸಿಕ್ಕಿತು ಅಂದುಕೊಂಡರು. ಬಗ್ಗಿ ನೋಡಿದರೆ ಕಲ್ಲಲ್ಲ, ಮಣ್ಣೇ. "ಇದು ನಮ್ಮ ಹೊಲಾನಾ? ನಮ್ಮಪ್ಪನ ಕಾಲ್ದಾಗ ರಂಟೆ ಹೂಡಿದ್ರ ಮೊಣಕೈ ಉದ್ದ ಇಳೀತಿತ್ರೀ" ಅಂದರು. ಅವರ ತಾಯಿ ಬದುವಿನ ಮೇಲೆ ಕೂತಿದ್ದರು. ಅವರು ಹೇಳಿದ್ದು: "ಆಗ ದನ ಇದ್ವು, ಬಣವಿ ಇತ್ತು, ತಿಪ್ಪಿ ಇತ್ತು. ಈಗ ದನಾನೂ ಇಲ್ಲ, ಬಣವಿನೂ ಇಲ್ಲ. ಹುಲ್ಲಿಗೆ ಬೆಂಕಿ ಹಚ್ತಾರ. ನೆಲ ಕಲ್ಲಾಗದ ಇನ್ನೇನಾಗ್ತೈತಿ?"

ಆ ಅವ್ವ ಎರಡೇ ಮಾತಿನಲ್ಲಿ ನಮ್ಮ ಪಾಠವನ್ನೆಲ್ಲ ಹೇಳಿಬಿಟ್ಟರು.

5. ಹುಲ್ಲು ಸುಟ್ಟರೆ ಏನು ಸುಡುತ್ತದೆ? ಲೆಕ್ಕ ಹಾಕೋಣ

ಎಕರೆಗೆ 25 ಕ್ವಿಂಟಾಲ್ ಭತ್ತ ಬಂದರೆ ಹೆಚ್ಚು ಕಡಿಮೆ ಅಷ್ಟೇ ತೂಕದ, ಅಂದರೆ ಎರಡೂವರೆ ಟನ್ ಹುಲ್ಲೂ ಬರುತ್ತದೆ. ಒಂದು ಟನ್ ಹುಲ್ಲಿನಲ್ಲಿ 5ರಿಂದ 8 ಕಿಲೋ ಸಾರಜನಕ, 14ರಿಂದ 20 ಕಿಲೋ ಪೊಟ್ಯಾಶ್, ಸ್ವಲ್ಪ ರಂಜಕ, 40 ಕಿಲೋಗೂ ಹೆಚ್ಚು ಸಿಲಿಕಾನ್ ಇರುತ್ತದೆ.

ಎರಡೂವರೆ ಟನ್ನಿಗೆ ಲೆಕ್ಕ ಹಾಕಿದರೆ, ಎಕರೆಗೆ ಸುಮಾರು 15 ಕಿಲೋ ಸಾರಜನಕ. ಇದು 45 ಕಿಲೋ ಯೂರಿಯಾ ಚೀಲದ ಮುಕ್ಕಾಲು ಭಾಗಕ್ಕೆ ಸಮ. ಪೊಟ್ಯಾಶ್ 35 ಕಿಲೋಗೂ ಮೇಲೆ, ಅಂದರೆ ಅಂಗಡಿಯ 50 ಕಿಲೋ ಪೊಟ್ಯಾಶ್ ಚೀಲ ಒಂದಕ್ಕಿಂತ ಹೆಚ್ಚು. ಬೆಂಕಿ ಹಚ್ಚಿದರೆ ಸಾರಜನಕ ಹೆಚ್ಚು ಕಡಿಮೆ ಎಲ್ಲವೂ ಹೊಗೆಯಾಗಿ ಹೋಗುತ್ತದೆ. ಪೊಟ್ಯಾಶಿನ ಬಹುಭಾಗ ಬೂದಿಯಲ್ಲಿ ಉಳಿಯುವುದು ನಿಜ. ಆದರೆ ಆ ಬೂದಿ ಗಾಳಿಗೆ ಹಾರುತ್ತದೆ, ಮಳೆಗೆ ಹರಿಯುತ್ತದೆ.

ಇವೆಲ್ಲಕ್ಕಿಂತ ದೊಡ್ಡ ನಷ್ಟ ಸಾವಯವ ಇಂಗಾಲ. ಮಣ್ಣಿನ ಕಣಗಳನ್ನು ಹೆಂಟೆಯಾಗಿ ಕಟ್ಟುವ ಅಂಟು ಅದು. ಎರೆಹುಳುವಿಗೂ ಸೂಕ್ಷ್ಮ ಜೀವಿಗಳಿಗೂ ಊಟ ಅದೇ. ಅಂಗಡಿಯಲ್ಲಿ ಯೂರಿಯಾ ಸಿಗುತ್ತದೆ, ಪೊಟ್ಯಾಶ್ ಸಿಗುತ್ತದೆ. ಈ ಅಂಟು ಚೀಲದಲ್ಲಿ ಸಿಗುವುದಿಲ್ಲ.

2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿ ನಿಮ್ಮ ಮನೆಯಲ್ಲಿದ್ದರೆ ತೆಗೆದು ನೋಡಿ. ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ 'ಕಡಿಮೆ', 0.5ರಿಂದ 0.75 ಇದ್ದರೆ 'ಮಧ್ಯಮ', ಅದಕ್ಕೂ ಮೇಲಿದ್ದರೆ 'ಅಧಿಕ'. ಬೇರೆ ಸಾಲುಗಳಿಗಿಂತ ಮೊದಲು ಈ ಸಾಲು ನೋಡುವ ರೂಢಿ ಮಾಡಿಕೊಳ್ಳಿ.

6. ಸುಡದೆ ಏನು ಮಾಡುವುದು?

ಆ ದಿನ ಹೊಲದಲ್ಲಿ ಒಬ್ಬ ಯುವಕ ನೇರವಾಗಿ ಕೇಳಿದ: "ಸರ, ಬೆಂಕಿ ಹಚ್ಚದಿದ್ರ ಮುಂದಿನ ನಾಟಿಗೆ ಟೈಮ್ ಎಲ್ಲೈತ್ರೀ? ಆಳಿನ ಕೂಲಿ ನೀವ್ ಕೊಡ್ತೀರೇನ್ರೀ?"

ಪ್ರಶ್ನೆ ನ್ಯಾಯವಾದದ್ದು. ಆಳು ಸಿಗದ ಕಾಲದಲ್ಲಿ ಬೆಂಕಿಕಡ್ಡಿ ಅಗ್ಗ. ಆದ್ದರಿಂದ ಎಲ್ಲ ಹೊಲವನ್ನೂ ಒಂದೇ ವರ್ಷ ಬದಲಿಸಿ ಎಂದು ನಾವು ಹೇಳುವುದಿಲ್ಲ. ಮೊದಲು ಅರ್ಧ ಎಕರೆ. ನಿಮ್ಮ ಕಣ್ಣಿಗೆ ಲಾಭ ಕಂಡ ಮೇಲೆ ಮುಂದಿನದು.

*ಮೊದಲನೆಯದು, ದನಕ್ಕೆ ಮತ್ತು ತಿಪ್ಪೆಗೆ:* ಹುಲ್ಲು ಕಟ್ಟುವ ಯಂತ್ರ ಬಾಡಿಗೆಗೆ ಸಿಕ್ಕರೆ ನಾಲ್ಕಾರು ರೈತರು ಸೇರಿ ಕರೆಸಿ. ಹುಲ್ಲು ಹೊರಗೆ ಹೋದರೂ ದನ ತಿಂದು ತಿಪ್ಪೆಗೊಬ್ಬರವಾಗಿ ಹೊಲಕ್ಕೆ ಮರಳಬೇಕು. ಹುಲ್ಲನ್ನೆಲ್ಲ ಮಾರಿ ಏನೂ ಮರಳಿಸದಿದ್ದರೆ ಅದೂ ಸುಟ್ಟಂತೆಯೇ ಸರಿ.

*ಎರಡನೆಯದು, ಹೊಲದಲ್ಲೇ ಕೊಳೆಸುವುದು:* ಕೊಯ್ಲು ಯಂತ್ರ ಹುಲ್ಲನ್ನು ಸಾಲಾಗಿ ಚೆಲ್ಲಿ ಹೋಗುತ್ತದೆ. ಅದನ್ನು ಸಮನಾಗಿ ಹರಡಿ, ಆದರೆ ತುಂಡು ಮಾಡಿಸಿ. ತೇವ ಇರುವಾಗ ಜೀವಾಮೃತ ಅಥವಾ ಸಗಣಿ ನೀರು ಚಿಮುಕಿಸಿ. ಜೀವಾಮೃತಕ್ಕೆ 200 ಲೀಟರ್ ನೀರು, 10 ಕಿಲೋ ಸಗಣಿ, 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಿನಲ್ಲಿ ಇಟ್ಟು ದಿನಕ್ಕೆ ಎರಡು ಸಲ ಕೋಲಿನಿಂದ ತಿರುಗಿಸುತ್ತಾ ಎರಡು-ಮೂರು ದಿನ ಬಿಡಿ. ಒಂದು ಎಕರೆಗೆ ಇದು ಸಾಕು. ಇದು ಗೊಬ್ಬರಕ್ಕೆ ಬದಲಿ ಅಲ್ಲ, ಹುಲ್ಲು ಕೊಳೆಸುವ ಜೀವಿಗಳಿಗೆ ಕೊಡುವ ನೆರವು.

*ಎಚ್ಚರಿಕೆ:* ಇಲ್ಲಿ ನಾವೂ ಒಮ್ಮೆ ತಪ್ಪಿದ್ದೇವೆ. ಹುಲ್ಲು ಸುಡಬೇಡಿ ಎಂದು ಹೇಳುವ ಉತ್ಸಾಹದಲ್ಲಿ, ಅದನ್ನು ಯಾವಾಗ ಮಣ್ಣಿಗೆ ಸೇರಿಸಬೇಕು ಎಂದು ಹೇಳಲಿಲ್ಲ. ಒಬ್ಬ ರೈತರು ನಾಟಿಯ ಹಿಂದಿನ ದಿನ ಹಸಿ ಹುಲ್ಲನ್ನೆಲ್ಲ ಕೆಸರಿಗೆ ತುಳಿಸಿದರು. ಸಸಿ ಹಳದಿಯಾಯಿತು, ಹೊಲ ಕೊಳೆತ ಮೊಟ್ಟೆಯ ವಾಸನೆ ಹೊಡೆಯಿತು. ಅವರ ಮುಂದೆ ನಾವು ತಲೆ ತಗ್ಗಿಸಿ ನಿಂತೆವು. ಕಾರಣ ಇಷ್ಟೇ: ಹುಲ್ಲು ಕೊಳೆಸುವ ಜೀವಿಗಳು ಮೊದಲು ಮಣ್ಣಿನ ಸಾರಜನಕವನ್ನು ತಾವೇ ಹಿಡಿದುಕೊಳ್ಳುತ್ತವೆ. ಗಾಳಿಯಿಲ್ಲದ ಕೆಸರಿನಲ್ಲಿ ಕೊಳೆತರೆ ಬೇರಿಗೆ ಕೇಡು ಮಾಡುವ ಅನಿಲವೂ ಹುಟ್ಟುತ್ತದೆ. ಆದ್ದರಿಂದ ಹುಲ್ಲನ್ನು ನಾಟಿಗೆ ಕನಿಷ್ಠ ಎರಡು-ಮೂರು ವಾರ ಮೊದಲೇ ಮಣ್ಣಿಗೆ ಸೇರಿಸಿ. ಜೊತೆಗೆ ತಿಪ್ಪೆಗೊಬ್ಬರ ಅಥವಾ ಸ್ವಲ್ಪ ಯೂರಿಯಾ ಕೊಡಿ. ವಾಸನೆ ಬಂದರೆ ಕೂಡಲೇ ನೀರು ಬಸಿದು ಹೊಲಕ್ಕೆ ಗಾಳಿ ಆಡಲು ಬಿಡಿ.

7. ಗಡುಸು ಪದರ ಒಡೆಯುವ ಸಹಜ ದಾರಿಗಳು

1) *ಹೊಲವನ್ನು ಒಣಗಲು ಬಿಡಿ.* ಎರೆ ಮಣ್ಣಿಗೆ ದೇವರು ಕೊಟ್ಟ ಒಂದು ಗುಣವಿದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಆಳದವರೆಗೆ ಬಿರಿಯುತ್ತದೆ. ಈ ಬಿರುಕೇ ಬಂಡವಾಳವಿಲ್ಲದ ನೇಗಿಲು. ವರ್ಷವಿಡೀ ನೀರು ನಿಲ್ಲಿಸಿದರೆ ಮಣ್ಣಿಗೆ ಈ ಅವಕಾಶವೇ ಸಿಗುವುದಿಲ್ಲ. ಕಾಲುವೆ ಬಂದ್ ಆದ ಬೇಸಿಗೆಯನ್ನು ನಷ್ಟ ಎಂದು ಮಾತ್ರ ನೋಡಬೇಡಿ, ಮಣ್ಣು ತನ್ನನ್ನು ತಾನೇ ಉಳುವ ಕಾಲ ಅದು.

2) *ಆಳ ಬೇರಿನ ಬೆಳೆ ಹಾಕಿ.* ತೊಗರಿ, ಸೆಣಬು, ಔಡಲ, ಹತ್ತಿಯಂಥ ತಾಯಿಬೇರಿನ ಬೆಳೆಗಳು ಬಿರುಕಿನ ದಾರಿ ಹಿಡಿದು ಕೆಳಗೆ ಇಳಿಯುತ್ತವೆ. ಬೆಳೆ ಮುಗಿದ ಮೇಲೆ ಬೇರು ಕೊಳೆತು ಕೊಳವೆಯಂಥ ದಾರಿ ಉಳಿಯುತ್ತದೆ. ಮುಂದಿನ ಬೆಳೆಯ ಬೇರು, ಮಳೆನೀರು, ಗಾಳಿ ಎಲ್ಲಕ್ಕೂ ಅದೇ ದಾರಿ. ಮೂರು ವರ್ಷಕ್ಕೊಮ್ಮೆಯಾದರೂ ಹೊಲದ ಒಂದು ಭಾಗ ಭತ್ತ ಬಿಟ್ಟು ಇಂಥ ಬೆಳೆ ನೋಡಲಿ.

3) *ಹಸಿರೆಲೆ ಗೊಬ್ಬರ.* ಮೇ ಕೊನೆ, ಜೂನ್ ಮಳೆಗೆ ಡಯಾಂಚ ಅಥವಾ ಸೆಣಬಿನ ಬೀಜವನ್ನು ಎಕರೆಗೆ 10ರಿಂದ 12 ಕಿಲೋ ಚೆಲ್ಲಿ. 40-45 ದಿನಕ್ಕೆ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಕಾಲುವೆಗೆ ನೀರು ಬಿಡುವುದಕ್ಕೂ ಇದಕ್ಕೂ ಹೊಂದುತ್ತದೆ. ಹುಲ್ಲಿನ ಹಾಗೆ ಇದು ಸಾರಜನಕ ಕಸಿಯುವುದಿಲ್ಲ, ಕೊಡುತ್ತದೆ. ಸವಳು ಇರುವ ಹೊಲಕ್ಕೆ ಸೆಣಬಿಗಿಂತ ಡಯಾಂಚ ವಾಸಿ.

4) *ಕುರಿ ನಿಲ್ಲಿಸುವುದು.* ಬೇಸಿಗೆಯಲ್ಲಿ ಕುರಿಗಾರರ ಮಂದೆಯನ್ನು ರಾತ್ರಿ ಹೊಲದಲ್ಲಿ ನಿಲ್ಲಿಸುವುದು ನಮ್ಮ ಸೀಮೆಯ ಹಳೆಯ ಪದ್ಧತಿ. ಗೊಬ್ಬರ, ಗಂಜಲ ಎರಡೂ ನೇರ ಮಣ್ಣಿಗೆ. ಆದರೆ ಒಣ ಹೊಲದಲ್ಲಿ ಮಾತ್ರ. ಹಸಿ ಹೊಲದಲ್ಲಿ ನಿಲ್ಲಿಸಿದರೆ ಗೊರಸಿನ ತುಳಿತದಿಂದ ಮತ್ತೆ ಗಟ್ಟಿಯಾಗುತ್ತದೆ.

5) *ಎರೆಹುಳುವಿಗೆ ಕೆಲಸ ಕೊಡಿ.* 1881ರಲ್ಲಿ ಚಾರ್ಲ್ಸ್ ಡಾರ್ವಿನ್ ಎಂಬ ವಿಜ್ಞಾನಿ, ಇಂಗ್ಲೆಂಡಿನ ಹಲವು ಕಡೆ ಎರೆಹುಳುಗಳು ವರ್ಷಕ್ಕೆ ಎಕರೆಗೆ 10 ಟನ್‌ಗೂ ಹೆಚ್ಚು ಮಣ್ಣನ್ನು ತಮ್ಮ ಹೊಟ್ಟೆಯ ಮೂಲಕ ಹಾಯಿಸುತ್ತವೆ ಎಂದು ಲೆಕ್ಕ ಹಾಕಿದರು. ಡೀಸೆಲ್ ಕೇಳದ ಆಳು ಅದು. ಅದಕ್ಕೆ ಬೇಕಾದದ್ದು ಮೂರೇ: ನೆರಳು, ತೇವ, ಕೊಳೆತ ಕಸ. ನಿಂತ ನೀರಿನಲ್ಲಿ ಅದು ಬದುಕದು. ಬದುಗಳ ಮೇಲೆ ಹೊಂಗೆ, ಗ್ಲಿರಿಸಿಡಿಯಾ ಬೆಳೆಸಿದರೆ ಅಲ್ಲಿ ಉಳಿದು, ಹೊಲ ಆರಿದಾಗ ಒಳಗೆ ಬರುತ್ತದೆ.

6) *ಕೆಸರು ಮಾಡದೆ ಬಿತ್ತನೆ.* ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರು ಈ ಅಚ್ಚುಕಟ್ಟಿನಲ್ಲಿ ಭತ್ತದ ಕೂರಿಗೆ ಬಿತ್ತನೆಯನ್ನು ಪ್ರಚಾರ ಮಾಡಿದ್ದಾರೆ. ಒಣ ಹೊಲದಲ್ಲಿ ಬೀಜ ಬಿತ್ತಿ ಆಮೇಲೆ ನೀರು ಕೊಡುವುದು. ನೀರು ಉಳಿಯುತ್ತದೆ, ನಾಟಿ ಕೂಲಿ ಉಳಿಯುತ್ತದೆ, ಮಣ್ಣು ಗಂಜಿಯಾಗುವುದಿಲ್ಲ. ಕಳೆಯ ಕಾಟ ಹೆಚ್ಚು ಎಂಬುದನ್ನೂ ತಿಳಿದುಕೊಂಡೇ ಮಾಡಿ.

7) *ಯಂತ್ರಕ್ಕೆ ಶಿಸ್ತು.* ಕೊಯ್ಲಿಗೆ ಹತ್ತು-ಹನ್ನೆರಡು ದಿನ ಮೊದಲೇ ನೀರು ಬಸಿದು ಹೊಲ ಆರಿಸಿ. ಟ್ರ್ಯಾಕ್ಟರ್, ಟ್ರೇಲರ್ ಹೊಲದ ತುಂಬ ಓಡಾಡದೆ ಒಂದೇ ಜಾಡಿನಲ್ಲಿ ಓಡಲಿ. ಭತ್ತ ತುಂಬುವ ಲಾರಿ ದಾರಿಯಲ್ಲೇ ನಿಲ್ಲಲಿ.

ಪದರ ತುಂಬ ಗಟ್ಟಿಯಾಗಿದ್ದರೆ ಆಳ ಉಳುಮೆಯ ಚಿಸಲ್ ನೇಗಿಲನ್ನು ಒಮ್ಮೆ ಹಾಕಿಸಬಹುದು. ಮಣ್ಣು ಒಣಗಿರುವಾಗ ಮಾತ್ರ. ಹಸಿ ಮಣ್ಣಿನಲ್ಲಿ ಅದು ಪದರ ಒಡೆಯುವುದಿಲ್ಲ, ಬೆಣ್ಣೆ ಸವರಿದಂತೆ ಸವರಿ ಹೋಗುತ್ತದೆ. ಅದಾದ ಮೇಲೆ ಕೂಡಲೇ ಆಳ ಬೇರಿನ ಬೆಳೆ ಹಾಕದಿದ್ದರೆ ಖರ್ಚು ವ್ಯರ್ಥ. ಎರಡೇ ವರ್ಷಕ್ಕೆ ನೆಲ ಮತ್ತೆ ಕೂಡಿಕೊಳ್ಳಬಹುದು.

ಲೋಟದ ಪರೀಕ್ಷೆಯಲ್ಲಿ ನೀರು ಕದಡಿದ ಹೊಲಗಳಿಗೆ ಜಿಪ್ಸಂ ಬೇಕಾಗಬಹುದು. ಎಷ್ಟು ಹಾಕಬೇಕೆಂದು ಅಂಗಡಿಯವರನ್ನು ಕೇಳಬೇಡಿ. ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಗಂಗಾವತಿ, ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ಈ ಮಣ್ಣನ್ನು ಬಲ್ಲವರಿದ್ದಾರೆ. ಜಿಪ್ಸಂ ಹಾಕಿದ ಮೇಲೆ ಉಪ್ಪು ತೊಳೆದು ಹೋಗಲು ಬಸಿಗಾಲುವೆ ಇರಲೇಬೇಕು.

8. ಕಬ್ಬು, ಬಾಳೆ, ಮಸಾರಿ ಭೂಮಿಯವರಿಗೆ

ಹೊಸಪೇಟೆ, ಕಂಪ್ಲಿ ಕಡೆಯ ಕಬ್ಬಿನ ರೈತರು ರವದಿ ಸುಡುವುದನ್ನು ಬಿಟ್ಟು ಕೂಳೆ ಕಬ್ಬಿನ ಸಾಲುಗಳ ನಡುವೆ ಹಾಸಿ. ಸಾಲು ಬಿಟ್ಟು ಸಾಲು ಹಾಸಿದರೆ ನೀರು ಕಟ್ಟಲು ತೊಂದರೆಯಾಗದು. ಕಳೆ ಕಡಿಮೆ, ತೇವ ಉಳಿತಾಯ, ಒಂದು ವರ್ಷದಲ್ಲಿ ಅದೇ ಗೊಬ್ಬರ. ಬಾಳೆಗೊನೆ ಕಡಿದ ಮೇಲೆ ದಿಂಡನ್ನು ರಸ್ತೆಗೆ ಎಸೆಯದೆ ಕತ್ತರಿಸಿ ಬುಡಗಳ ನಡುವೆ ಹಾಕಿ. ಅದರಲ್ಲಿ ನೀರೂ ಪೊಟ್ಯಾಶೂ ಎರಡೂ ಇವೆ. ರೋಗ ತಗುಲಿದ ಗಿಡದ ದಿಂಡನ್ನು ಮಾತ್ರ ತೋಟದಲ್ಲಿ ಬಿಡಬೇಡಿ.

ಸಂಡೂರು, ಹೊಸಪೇಟೆಯ ಗುಡ್ಡದ ಬದಿಯ ಮಸಾರಿ ಭೂಮಿಯ ಕಷ್ಟ ಬೇರೆ. ಅಲ್ಲಿ ಜೋರು ಮಳೆ ಬಿದ್ದು ಬಿಸಿಲು ಹೊಡೆದರೆ ಮೇಲೆ ಹಪ್ಪಳದಂಥ ಪದರ ಕಟ್ಟುತ್ತದೆ, ಮೊಳಕೆ ಮೇಲೆ ಬರಲಾಗದು. ಅದಕ್ಕೆ ಹೊದಿಕೆ, ತಿಪ್ಪೆಗೊಬ್ಬರ, ಕೆರೆಯ ಹೂಳು ಒಳ್ಳೆಯ ಮದ್ದು. ಇದೇ ಹೂಳನ್ನು ಎರೆ ಹೊಲಕ್ಕೆ ಹಾಕಿದರೆ ಜಿಗುಟು ಇನ್ನೂ ಹೆಚ್ಚಾಗುತ್ತದೆ. ಮಣ್ಣು ನೋಡಿ ಮದ್ದು ಕೊಡಬೇಕು.

9. ಶಾಲೆ, ಆಸ್ಪತ್ರೆ, ಅಂಗಳದ ಹುಲ್ಲುಹಾಸಿಗೂ ಇದೇ ಪಾಠ

ಮೊದಲು ಹೇಳಿದ ಉದ್ಯಾನದ ಹುಲ್ಲಿಗೆ ಮರಳೋಣ. ಮಕ್ಕಳು ಆಡುವ ಅಂಗಳದಲ್ಲಿ ಗರಿಕೆ ಬೋಳಾಗಿದ್ದರೆ ಹೀಗೆ ಮಾಡಿ. ಮೊದಲು ಹುಲ್ಲಿನ ಬುಡದಲ್ಲಿ ಸತ್ತ ಬೇರು-ಕಡ್ಡಿಗಳ ಚಾಪೆಯಂಥ ಪದರ ಎಷ್ಟು ದಪ್ಪ ಇದೆ ನೋಡಿ. ಅರ್ಧ ಇಂಚಿನೊಳಗಿದ್ದರೆ ಬಿಡಿ, ಅದು ತೇವ ಕಾಯುತ್ತದೆ. ಅದಕ್ಕೂ ದಪ್ಪವಿದ್ದರೆ ನೀರನ್ನು ತಡೆಯುತ್ತದೆ. ಹಲ್ಲಿರುವ ಗೋರೆಯಿಂದ ಎಳೆದು ತೆಗೆದು ಕಾಂಪೋಸ್ಟ್ ಗುಂಡಿಗೆ ಹಾಕಿ. ಮಳೆಗಾಲ ಶುರುವಾದ ಮೇಲೆ ನೆಲ ಹದವಾಗಿರುವಾಗ ಹಾರೆಯಿಂದ ಐದಾರು ಇಂಚಿಗೊಂದರಂತೆ ನಾಲ್ಕು ಇಂಚು ಆಳದ ತೂತು ಹಾಕಿ, ಸ್ವಲ್ಪ ಅಲುಗಿಸಿ. ಮೇಲೆ ಜರಡಿ ಹಿಡಿದ ಕಾಂಪೋಸ್ಟನ್ನು ಕಾಲು ಇಂಚು ದಪ್ಪ ಹರಡಿ ಪೊರಕೆಯಿಂದ ತೂತುಗಳಿಗೆ ತಳ್ಳಿ. ಹುಲ್ಲನ್ನು ಬುಡಮಟ್ಟ ಕತ್ತರಿಸಬೇಡಿ. ದಿನಾ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವ ಬದಲು ವಾರಕ್ಕೆ ಒಂದೆರಡು ಸಲ ಆಳಕ್ಕೆ ಇಳಿಯುವಂತೆ ಕೊಡಿ. ಜನ ನಡೆಯುವ ಜಾಡು ಎಲ್ಲಿದೆಯೋ ಅಲ್ಲಿ ಹುಲ್ಲಿಗಾಗಿ ಹಟ ಮಾಡದೆ ಕಲ್ಲು ಹಾಸಿ ದಾರಿ ಮಾಡಿಬಿಡಿ.

ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಿ. ಅಂಗಳದಲ್ಲಿ ಕಲಿತದ್ದನ್ನು ಅವರು ಮನೆಗೆ ಹೋಗಿ ಅಪ್ಪನಿಗೆ ಹೇಳುತ್ತಾರೆ.

10. ಸಂಘದ ಸಭೆಯಲ್ಲಿ ಮಾತನಾಡಲು

* ನಮ್ಮ ಊರಿನಲ್ಲಿ ಕಳೆದ ವರ್ಷ ಎಷ್ಟು ಎಕರೆ ಹುಲ್ಲಿಗೆ ಬೆಂಕಿ ಬಿತ್ತು? ಅದರ ಬೆಲೆಯನ್ನು ಯೂರಿಯಾ, ಪೊಟ್ಯಾಶ್ ಚೀಲಗಳಲ್ಲಿ ಲೆಕ್ಕ ಹಾಕೋಣ.
* ಹೊಗೆಯಿಂದ ಮಕ್ಕಳಿಗೆ, ವಯಸ್ಸಾದವರಿಗೆ ಆದ ತೊಂದರೆ ಏನು?
* ಕಾಲುವೆ ನೀರು ಬರದ ವರ್ಷ ನಮ್ಮ ಮನೆ ಹೇಗೆ ನಡೆಯಿತು? ಮುಂದೆ ಅಂಥ ವರ್ಷ ಬಂದರೆ ಯಾವ ಬೆಳೆ ಹಾಕಬಹುದು?
* ಹುಲ್ಲು ಕಟ್ಟುವ ಯಂತ್ರವನ್ನು ಸಂಘದಿಂದ ಬಾಡಿಗೆಗೆ ತರಿಸಬಹುದೇ?
* ಈ ತಿಂಗಳು ಯಾರ ಹೊಲದಲ್ಲಿ ಗುಂಡಿ ತೋಡೋಣ?

ಕೊನೆಯದಾಗಿ

ನೆಲ ಒಂದು ವರ್ಷದಲ್ಲಿ ಗಟ್ಟಿಯಾದದ್ದಲ್ಲ, ಒಂದು ವರ್ಷದಲ್ಲಿ ಸಡಿಲವೂ ಆಗುವುದಿಲ್ಲ. ಮೂರು-ನಾಲ್ಕು ವರ್ಷ ತಾಳ್ಮೆ ಬೇಕು. ಮೊದಲ ವರ್ಷ ಇಳುವರಿಯಲ್ಲಿ ದೊಡ್ಡ ಬದಲಾವಣೆ ಕಾಣದಿರಬಹುದು. ಅದನ್ನು ಮುಂಚೆಯೇ ಹೇಳಿಬಿಡುವುದು ನಮ್ಮ ಧರ್ಮ. ಆದರೆ ಗುಂಡಿ ತೋಡಿದ ಜಾಗದಲ್ಲೇ ಪ್ರತಿ ವರ್ಷ ಗುಂಡಿ ತೋಡಿ, ಕಡ್ಡಿ ಎಷ್ಟು ಇಳಿಯಿತು, ಹುಳು ಎಷ್ಟು ಸಿಕ್ಕವು ಎಂದು ಸಂಘದ ಪುಸ್ತಕದಲ್ಲಿ ಬರೆದಿಡಿ.

ನಾವು ಹೇಳಿದ ಆ ಹೊಲದ ಯಜಮಾನರು ಅರ್ಧ ಎಕರೆಗೆ ಮಾತ್ರ ಬೆಂಕಿ ಹಚ್ಚದೆ ಬಿಟ್ಟು, ಮಳೆಗೆ ಡಯಾಂಚ ಚೆಲ್ಲಿದರು. ಉಳಿದ ಹೊಲ ಎಂದಿನಂತೆಯೇ. ಮುಂದಿನ ವರ್ಷ ನಾವು ಹೋದಾಗ ಅವರು ಲೆಕ್ಕ ಹೇಳಲಿಲ್ಲ. ಕಡ್ಡಿಯನ್ನು ನಮ್ಮ ಕೈಗೆ ಕೊಟ್ಟು, "ನೀವಾ ಚುಚ್ಚಿ ನೋಡ್ರೀ" ಅಂದರು. ಆ ಅರ್ಧ ಎಕರೆಯಲ್ಲಿ ಕಡ್ಡಿ ನಾಲ್ಕು ಬೆರಳು ಹೆಚ್ಚು ಇಳಿಯಿತು. ಬದುವಿನ ಮೇಲೆ ಕೂತಿದ್ದ ಅವ್ವ ನಕ್ಕರು.

ನಿಮ್ಮ ಹೊಲದಲ್ಲೂ ಆ ನಾಲ್ಕು ಬೆರಳು ಇಳಿಯಲಿ. ಈ ಸಲ ಕೊಯ್ಲಾದ ಮೇಲೆ ಬೆಂಕಿಕಡ್ಡಿ ಮನೆಯಲ್ಲೇ ಇರಲಿ, ಕಬ್ಬಿಣದ ಕಡ್ಡಿ ಹಿಡಿದು ಹೊಲಕ್ಕೆ ಬನ್ನಿ.